ಲಾಠಿ ಒಂದೇ, ಅಳತೆ ಎರಡು



ನಾನು ಓದಿದ್ದು ವಿಜ್ಞಾನ. ಬದುಕು ಕಟ್ಟಿಕೊಂಡದ್ದು ಕಾರ್ಯಕ್ರಮ ನಿರ್ಮಾಪಕನಾಗಿ. ಭೌತಶಾಸ್ತ್ರದ ಮೊದಲ ಪಾಠಗಳಲ್ಲೇ ಬಲವನ್ನು ಅಳೆಯುವುದನ್ನು ಕಲಿಸುತ್ತಾರೆ. ಬಲ ಯಾರ ಮೇಲೆ ಬಿತ್ತು ಎಂಬುದರಿಂದ ಅಳತೆ ಬದಲಾಗದು. ಆದರೆ ಪೊಲೀಸರ ಬಲಪ್ರಯೋಗ ಕುರಿತು ಚರ್ಚೆ ಏರ್ಪಡಿಸಿದಾಗಲೆಲ್ಲ ನನಗೆ ಕಾಣುವುದೇ ಬೇರೆ. ಒಂದು ಘಟನೆಗೆ "ಹಾಗೇ ಆಗಬೇಕಿತ್ತು" ಎಂದವರೇ ಇನ್ನೊಂದಕ್ಕೆ "ಇದೆಂಥ ಅನ್ಯಾಯ!" ಎನ್ನುತ್ತಾರೆ.

ಎರಡು ಘಟನೆಗಳನ್ನು ನೆನಪಿಸಿಕೊಳ್ಳೋಣ.

2019ರ ನವೆಂಬರ್ ಕೊನೆಯಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಯುವ ಪಶುವೈದ್ಯೆಯೊಬ್ಬರನ್ನು ಅತ್ಯಾಚಾರವೆಸಗಿ ಕೊಲ್ಲಲಾಯಿತು. ದೇಶವೇ ಕುದಿಯಿತು. ಡಿಸೆಂಬರ್ 6ರ ನಸುಕಿನಲ್ಲಿ ನಾಲ್ವರು ಆರೋಪಿಗಳೂ ಪೊಲೀಸರ ಗುಂಡಿಗೆ ಬಲಿಯಾದರು. ಆಯುಧ ಕಸಿದುಕೊಂಡು ತಮ್ಮ ಮೇಲೆಯೇ ದಾಳಿ ಮಾಡಿದರೆಂದು ಪೊಲೀಸರು ಹೇಳಿದರು. ಜನ ಅಲ್ಲಿಗೇ ಬಂದು ಪೊಲೀಸರ ಮೇಲೆ ಹೂವು ಸುರಿದರು. ಅಲ್ಲಿನ ಪೊಲೀಸ್ ಆಯುಕ್ತರು ಹುಬ್ಬಳ್ಳಿಯವರೆಂದು ನಮ್ಮಲ್ಲೂ ಸಂಭ್ರಮವಾಯಿತು.

ಏಳು ತಿಂಗಳೂ ಕಳೆದಿರಲಿಲ್ಲ. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ತಂದೆ ಮತ್ತು ಮಗನನ್ನು ಪೊಲೀಸರು ಠಾಣೆಗೆ ಕರೆದೊಯ್ದರು. ಲಾಕ್‌ಡೌನ್ ಅವಧಿಯಲ್ಲಿ ಹೊತ್ತು ಮೀರಿ ಅಂಗಡಿ ತೆರೆದಿದ್ದರು ಎಂಬುದು ಆರೋಪ. ಕೆಲವೇ ದಿನಗಳಲ್ಲಿ ಇಬ್ಬರೂ ಒಬ್ಬರ ಹಿಂದೊಬ್ಬರು ಸತ್ತರು. ಸಿಬಿಐ ಪೊಲೀಸರ ಮೇಲೆ ಕೊಲೆ ಆರೋಪ ಹೊರಿಸಿತು. ದೇಶ ಮತ್ತೆ ಕುದಿಯಿತು. ಈ ಬಾರಿ ಪೊಲೀಸರ ವಿರುದ್ಧ.

ಹೂವು ಸುರಿದವರನ್ನು ಕಟುಕರೆಂದು ನಾನು ಹೇಳಲಾರೆ. 2012ರ ದೆಹಲಿ ಅತ್ಯಾಚಾರ ಪ್ರಕರಣದ ಅಪರಾಧಿಗಳಿಗೆ ಆಗಲೂ ಶಿಕ್ಷೆ ಜಾರಿಯಾಗಿರಲಿಲ್ಲ. ಗಲ್ಲಾದದ್ದು 2020ರ ಮಾರ್ಚ್ 20ರಂದು. ಕಾದು ಸೋತ ಮನಸ್ಸಿಗೆ ಅಡ್ಡದಾರಿಯೇ ನ್ಯಾಯದಂತೆ ಕಾಣುವುದುಂಟು. ಪೊಲೀಸರ ಕಷ್ಟವೂ ಸಣ್ಣದಲ್ಲ. ಕಲ್ಲು ತೂರುವ ಗುಂಪಿನೆದುರು ನಿಂತ ಪೇದೆಗೆ ಯೋಚಿಸಲು ಸಿಗುವುದು ಕ್ಷಣಗಳಷ್ಟೇ. ಮನೆಯಲ್ಲಿ ಕುಳಿತು ತೀರ್ಪು ಕೊಡಲು ನಮಗೆ ಬೇಕಾದಷ್ಟು ಹೊತ್ತಿದೆ.

ಅದಕ್ಕೆಂದೇ ಕಾನೂನು ಒಂದು ಅಳತೆಯನ್ನು ಇಟ್ಟಿದೆ. ಬಂಧಿಸಲು ಹೋದಾಗ ಆರೋಪಿ ಎದುರು ಬಿದ್ದರೆ ಪೊಲೀಸರು ಅಗತ್ಯವಿರುವಷ್ಟು ಬಲ ಬಳಸಬಹುದು. ಬಂಧಿಸಿದ ಮೇಲೆ, ಅವನು ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದುದಕ್ಕಿಂತ ಹೆಚ್ಚು ನಿರ್ಬಂಧ ಸಲ್ಲದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಈ ನಿಯಮ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ. ಎನ್‌ಕೌಂಟರಿನಲ್ಲಿ ಸಾವು ಸಂಭವಿಸಿದರೆ ಸಿಐಡಿ ಅಥವಾ ಬೇರೆ ಠಾಣೆಯ ಪೊಲೀಸರೇ ತನಿಖೆ ನಡೆಸಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆಯೂ ಆಗಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಬಳಸಿದ ಬಲಕ್ಕೆ ಲೆಕ್ಕ ಕೊಡಬೇಕೆಂಬುದೇ ಇದರ ತಾತ್ಪರ್ಯ.

ಹೈದರಾಬಾದಿನಲ್ಲಿ ಆ ಲೆಕ್ಕ ಕೇಳಿದಾಗ ಏನಾಯಿತು? ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಬಹಿರಂಗವಾಯಿತು. ಪೊಲೀಸರ ವಿವರಣೆ ನಂಬುವಂತಿಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದು ಆಯೋಗ ಹೇಳಿತು. ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರೆಂದೂ ಹೇಳಿತು. ಮುಂದಿನ ಕ್ರಮದ ವಿಚಾರ ತೆಲಂಗಾಣ ಹೈಕೋರ್ಟಿಗೆ ಹೋಯಿತು. ಆದರೆ ಆ ಪಶುವೈದ್ಯೆಯನ್ನು ಕೊಂದವರು ಈ ನಾಲ್ವರೇ ಹೌದೋ ಅಲ್ಲವೋ ಎಂಬುದನ್ನು ವಿಚಾರಣೆ ನಡೆಸಿ ತೀರ್ಮಾನಿಸುವ ಅವಕಾಶ ನ್ಯಾಯಾಲಯಕ್ಕೆ ಸಿಗಲೇ ಇಲ್ಲ. ಆಕೆಯ ತಂದೆತಾಯಿಗೂ ತೀರ್ಪು ಸಿಗಲಿಲ್ಲ.

ಮಿತ್ರರೇ, ಠಾಣೆಯಲ್ಲಿ ಅಪರಾಧಿಯ ಮೇಲೆ ಬೀಳಲೆಂದು ನಾವು ಒಪ್ಪಿಕೊಟ್ಟ ಲಾಠಿ, ಅಂಗಡಿಯವನ ಮೇಲೆ ಬೀಳುವಾಗ ನಮ್ಮ ಅನುಮತಿ ಕೇಳುವುದಿಲ್ಲ. ಮುಂದೆ ಇಂಥ ಸುದ್ದಿ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಏಟು ತಿಂದವನು ನಮ್ಮ ಮಗನಾಗಿದ್ದರೆ? ಲಾಠಿ ಹಿಡಿದವನು ನಮ್ಮ ತಮ್ಮನಾಗಿದ್ದರೆ? ಎರಡಕ್ಕೂ ಸಲ್ಲುವ ಉತ್ತರ ಯಾವುದೋ, ಅದೇ ನಮ್ಮ ಅಭಿಪ್ರಾಯವಾಗಲಿ.