ಹುಣ್ಣು ಮಾಯ್ದರೂ ಮಾತ್ರೆ ಬಿಡಬೇಡಿ



ಟಿ.ಬಿ. ಅಂದ್ರೆ ಬರೀ ಕೆಮ್ಮು ಅಂತ ನಾವು ತಿಳಿದಿದ್ದೇವೆ. ಅದು ಚರ್ಮಕ್ಕೂ ಬರ್ತದೆ. ಕುತ್ತಿಗೆಯ ಗಂಡಮಾಲೆ ಒಡೆದು ಕೀವು ಸೋರುವುದು, ಮುಖದಲ್ಲಿ ಕೆಂಪು ಕಲೆ ನಿಧಾನವಾಗಿ ಹರಡುವುದು ಅದರ ರೂಪಗಳೇ ಆಗಿರಬಹುದು. ಇದು ಶಾಪವಲ್ಲ, ರೋಗ.

ರೋಗಾಣು ಹೊಕ್ಕಾಗ ನಮ್ಮ ದೇಹ ಸುಮ್ಮನಿರೋದಿಲ್ಲ. ರಕ್ತದ ಬಿಳಿಕಣಗಳು ಅದನ್ನು ಸುತ್ತುವರಿದು ಗೋಡೆ ಕಟ್ತವೆ. ಈ ರೋಗನಿರೋಧಕ ಶಕ್ತಿ ಬಲವಾಗಿದ್ದರೆ ಚರ್ಮದಲ್ಲಿ ರೋಗಾಣು ಬಹಳ ಕಡಿಮೆ ಇರ್ತವೆ, ಪರೀಕ್ಷೆಯಲ್ಲಿ ಸಿಗದೆಯೂ ಹೋಗಬಹುದು. ಆಗ ವೈದ್ಯರು ಚರ್ಮದ ಚೂರು ತೆಗೆದು ಪರೀಕ್ಷಿಸುತ್ತಾರೆ, ಹೆದರಬೇಡಿ. ಹೊಟ್ಟೆಗಿಲ್ಲದಿರುವುದು, ಸಕ್ಕರೆ ಕಾಯಿಲೆ, ಎಚ್.ಐ.ವಿ. ಈ ಶಕ್ತಿಯನ್ನು ಕುಗ್ಗಿಸುತ್ತವೆ.

ಆದರೆ ಗೋಡೆಯೊಳಗೆ ರೋಗಾಣು ಸಾಯದೆ ಉಳಿದಿರಬಹುದು. ಆದ್ದರಿಂದ ಹುಣ್ಣು ಮಾಯ್ತು ಅಂತ ಮಾತ್ರೆ ನಿಲ್ಲಿಸಬಾರದು. ಸಾಮಾನ್ಯವಾಗಿ 6 ತಿಂಗಳ ಔಷಧ, ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟದ ಸಹಾಯಕ್ಕೆ ತಿಂಗಳಿಗೆ ಕೊಡುವ ಹಣ 2024ರ ನವೆಂಬರ್‌ನಲ್ಲಿ 500ರಿಂದ 1,000 ರೂಪಾಯಿಗೆ ಏರಿತು.

ಮನೆಯಲ್ಲಾಗಲಿ ಓಣಿಯಲ್ಲಾಗಲಿ ಮಾಯದ ಹುಣ್ಣು ಕಂಡರೆ ಮುಚ್ಚಿಡದೆ ಆಶಾ ಕಾರ್ಯಕರ್ತೆಗೆ ಹೇಳೋಣ, ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ.