ಸ್ಟೀರಾಯ್ಡ್ ಚೀಟಿಯ ಎರಡನೆಯ ಸಾಲು



ಅಲ್ಸರೇಟಿವ್ ಕೊಲೈಟಿಸ್ ಚಿಕಿತ್ಸೆಯ ಬಗ್ಗೆ ಸಂಕಿರಣ ಅಂದರೆ ಹೊಸ ಔಷಧಗಳ ಮಾತೇ ಮೊದಲು ಬರುತ್ತದೆ. ಬರಲಿ, ಮುಂದಿನ ಗೋಷ್ಠಿಗಳು ಅದಕ್ಕಾಗಿಯೇ ಇವೆ. ಇದು ಪಾಶ್ಚಾತ್ಯರ ಕಾಯಿಲೆ ಎಂಬ ಮಾತಿಗೂ ಈಗ ಅರ್ಥ ಉಳಿದಿಲ್ಲ. ಪಂಜಾಬಿನಲ್ಲಿ ನಡೆದ ಸಮೀಕ್ಷೆಯೊಂದು ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಈ ಕಾಯಿಲೆ ಇದೆಯೆಂದು 2003ರಲ್ಲೇ ವರದಿ ಮಾಡಿತ್ತು. ಆದರೆ ನಾನು ಇಂದು ಎತ್ತುವ ಪ್ರಶ್ನೆ ಹಳೆಯ ಔಷಧವೊಂದಕ್ಕೆ ಸೇರಿದ್ದು. ಸ್ಟೀರಾಯ್ಡ್ ಬರೆಯುವ ದಿನವೇ ಅದನ್ನು ಬಿಡಿಸುವ ದಾರಿಯೂ ತೀರ್ಮಾನವಾಗಬೇಕು, ಅದು ರೋಗಿಗೆ ತಿಳಿದಿರಬೇಕು ಎಂಬುದು ನನ್ನ ವಾದ. ಈ ಕಾಯಿಲೆಯಲ್ಲಿ ನಾವು ಎಡವುವುದು ತಪ್ಪು ಔಷಧ ಆರಿಸಿಕೊಂಡಾಗಲ್ಲ. ಏನನ್ನೂ ತೀರ್ಮಾನಿಸದೆ ಹಳೆಯ ಚೀಟಿಯನ್ನೇ ಮುಂದುವರಿಸಿದಾಗ.

ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ 1955ರಲ್ಲಿ 210 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕಾರ್ಟಿಸೋನ್ ಪಡೆದವರ ಪೈಕಿ ಶೇ. 41 ಮಂದಿಗೆ ಆರು ವಾರಗಳಲ್ಲಿ ರೋಗ ಶಮನವಾಯಿತು. ಹುಸಿಮಾತ್ರೆ ಪಡೆದವರಲ್ಲಿ ಶೇ. 16 ಮಂದಿಗೆ ಮಾತ್ರ. ಪ್ರಾಣಕ್ಕೇ ಕುತ್ತು ತರುತ್ತಿದ್ದ ಕಾಯಿಲೆಗೆ ಅದು ದೊಡ್ಡ ಗೆಲುವು. ಅದೇ ಇಬ್ಬರು ನಾಲ್ಕು ವರ್ಷಗಳ ನಂತರ ಇನ್ನೊಂದು ಸಂಗತಿಯನ್ನೂ ತೋರಿಸಿದರು: ಶಮನವಾದ ಮೇಲೆ ಕಾರ್ಟಿಸೋನ್ ಮುಂದುವರಿಸಿದರೆ ಕಾಯಿಲೆ ಮರುಕಳಿಸುವುದು ತಪ್ಪುವುದಿಲ್ಲ. ಅಂದರೆ ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ, ಕಾಯುವುದಿಲ್ಲ. ಅರವತ್ತು ವರ್ಷ ಮೀರಿದ ಈ ತಿಳಿವಳಿಕೆ ನಮ್ಮ ಹೊರರೋಗಿ ವಿಭಾಗಕ್ಕೆ ಪೂರ್ತಿ ಇಳಿದಿಲ್ಲ. ಮಲದಲ್ಲಿ ರಕ್ತ ಕಂಡವರಿಗೆ ಮೊದಲು ಮೂಲವ್ಯಾಧಿ ಅಂತಲೋ ಆಮಶಂಕೆ ಅಂತಲೋ ಔಷಧ ನಡೆಯುತ್ತದೆ. ಎಷ್ಟೋ ತಿಂಗಳ ಮೇಲೆ ಕೊಲೊನೊಸ್ಕೊಪಿ ಆಗಿ ಕಾಯಿಲೆಯ ಹೆಸರು ಗೊತ್ತಾಗುತ್ತದೆ. 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಶುರುವಾದರೆ ದಿನಕ್ಕೆ ಹತ್ತು ಸಲ ಓಡುತ್ತಿದ್ದವರು ವಾರದಲ್ಲಿ ಎರಡು ಸಲಕ್ಕೆ ಬರುತ್ತಾರೆ, ಹಸಿವಾಗುತ್ತದೆ, ನಿದ್ದೆ ಬರುತ್ತದೆ. ವಾರವಾರ ಇಳಿಸುತ್ತ 10 ಮಿಲಿಗ್ರಾಂ ಹತ್ತಿರ ಬಂದಾಗ ಮತ್ತೆ ರಕ್ತ. ಆಗ ಮಡಿಸಿಟ್ಟ ಹಳೆಯ ಚೀಟಿ ಮೆಡಿಕಲ್ ಶಾಪಿನ ಕೌಂಟರಿಗೆ ಹೋಗುತ್ತದೆ. ಮೂರು ತಿಂಗಳೊಳಗೆ 10 ಮಿಲಿಗ್ರಾಂಗಿಂತ ಕೆಳಗಿಳಿಸಲಾಗದಿದ್ದರೆ, ಅಥವಾ ನಿಲ್ಲಿಸಿದ ಮೂರು ತಿಂಗಳೊಳಗೆ ಮರುಕಳಿಸಿದರೆ ಅದು ಸ್ಟೀರಾಯ್ಡ್ ಅವಲಂಬನೆ ಎಂದು ಪಠ್ಯಗಳು ಹೇಳುತ್ತವೆ. ರೋಗಿಗೆ ಮಾತ್ರ ಅದು ‘ನನಗೆ ಒಗ್ಗುವ ಮಾತ್ರೆ’. ಸಕ್ಕರೆ ಏರಿದ್ದು, ಮುಖ ಊದಿದ್ದು, ಮೂಳೆ ಸವೆದದ್ದು ಬೇರೆ ಬೇರೆ ವೈದ್ಯರ ಲೆಕ್ಕಕ್ಕೆ ಹೋಗುತ್ತವೆ.

ಎಲ್ಲರಿಗೂ ದೊಡ್ಡ ಔಷಧ ಬೇಡವಲ್ಲ ಎಂದು ನೀವು ಕೇಳಬಹುದು. ಖಂಡಿತ ಬೇಡ. ಸೌಮ್ಯ ಕಾಯಿಲೆಯ ಅನೇಕರು ಮೆಸಲಮೈನ್ ಒಂದರಲ್ಲೇ ವರ್ಷಗಟ್ಟಲೆ ಚೆನ್ನಾಗಿರುತ್ತಾರೆ. ಆದರೆ ಅದನ್ನು ನಾವು ಪೂರ್ತಿ ಕೊಟ್ಟಿರುತ್ತೇವೆಯೇ? ಉರಿಯೂತ ಗುದನಾಳಕ್ಕೆ ಸೀಮಿತವಾಗಿದ್ದರೆ ಬಾಯಿಯ ಮಾತ್ರೆಗಿಂತ ಗುದದಲ್ಲಿಡುವ ಸಪೊಸಿಟರಿಯೇ ಮೇಲು; ಎಡಭಾಗದ ಕರುಳಿಗೆ ಹಬ್ಬಿದ್ದರೆ ಮಾತ್ರೆಯ ಜೊತೆಗೆ ಎನಿಮಾ ಸೇರಿದಾಗ ಗುಣ ಹೆಚ್ಚು. ರೋಗಿ ನಾಚುತ್ತಾರೆ ಎಂದು ನಾವು ಎನಿಮಾದ ಮಾತನ್ನೇ ಎತ್ತುವುದಿಲ್ಲ. ನಿಜವಾಗಿ ನಾಚಿಕೊಂಡವರು ಯಾರು ಎಂಬುದನ್ನು ಸಭೆಗೇ ಬಿಡುತ್ತೇನೆ. ಹೀಗೆ ಅರ್ಧ ಚಿಕಿತ್ಸೆ ಸೋತದ್ದನ್ನು ಔಷಧ ಸೋತಂತೆ ಬರೆದುಕೊಂಡು ಸ್ಟೀರಾಯ್ಡಿಗೆ ಹೋಗುತ್ತೇವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಖರ್ಚಿನದು ಮತ್ತು ಕ್ಷಯದ್ದು. ಬಯೊಲಾಜಿಕ್ ಇಂಜೆಕ್ಷನ್ನಿನ ಬೆಲೆ ಕೇಳಿ ಎದ್ದು ಹೋಗುವ ಕುಟುಂಬಗಳಿವೆ. ಇನ್‌ಫ್ಲಿಕ್ಸಿಮಾಬ್, ಅಡಲಿಮುಮಾಬ್‌ಗಳು ದೇಹದಲ್ಲಿ ಅಡಗಿರುವ ಕ್ಷಯವನ್ನು ಕೆರಳಿಸಬಲ್ಲವು. ನಮ್ಮ ದೇಶದಲ್ಲಿ ಇದು ಹಗುರವಾದ ಮಾತಲ್ಲ. ಆದರೆ ಈ ಆಕ್ಷೇಪವೇ ಬೇಗ ತೀರ್ಮಾನಿಸಬೇಕೆನ್ನುವುದಕ್ಕೆ ಕಾರಣ. ಕ್ಷಯದ ತಪಾಸಣೆಗೂ ಹಣ ಹೊಂದಿಸುವುದಕ್ಕೂ ವಿಮೆಯ ಕಾಗದಕ್ಕೂ ಸಮಯ ಬೇಕು. ಅಗ್ಗದ ಅಜಥಯೊಪ್ರಿನ್ ಪೂರ್ತಿ ಕೆಲಸ ತೋರಿಸಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ, ಪದೇಪದೇ ರಕ್ತಪರೀಕ್ಷೆ ಬೇಡುತ್ತದೆ. ಎರಡನೆಯ ಸಲ ಮರುಕಳಿಸಿದ ಮೇಲೆ ಇದನ್ನೆಲ್ಲ ಶುರುಮಾಡಿದರೆ ಆ ಮೂರು ತಿಂಗಳನ್ನು ಮತ್ತೆ ಸ್ಟೀರಾಯ್ಡೇ ತುಂಬುತ್ತದೆ. ಟೊಫಾಸಿಟಿನಿಬ್ ಮಾತ್ರೆ ಇಲ್ಲಿ ಅಗ್ಗವಾಗಿ ಸಿಗುತ್ತಿರುವುದು ನಿಜ. ಆದರೆ ಸಂಧಿವಾತದ ರೋಗಿಗಳಲ್ಲಿ ಐವತ್ತು ದಾಟಿ ಹೃದ್ರೋಗದ ಅಪಾಯವಿದ್ದವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಹೃದಯಾಘಾತ, ಕ್ಯಾನ್ಸರ್‌ಗಳ ಬಗ್ಗೆ ಎಚ್ಚರಿಸಿದೆ. ಬಸಿರಾಗಬಯಸುವ ಹೆಣ್ಣುಮಕ್ಕಳಿಗೂ ಆ ಮಾತ್ರೆ ತಕ್ಕುದಲ್ಲ. ಅಗ್ಗವೆಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಬರೆದರೆ ಸ್ಟೀರಾಯ್ಡ್ ಕಥೆ ಇನ್ನೊಂದು ಹೆಸರಿನಲ್ಲಿ ನಡೆದೀತು.

ಹೊಸ ಔಷಧಗಳ ಬಗ್ಗೆ ಹೆಚ್ಚಿಗೆ ಹೇಳಿ ಆಸೆ ಹುಟ್ಟಿಸುವುದೂ ತಪ್ಪೇ. ವೆಡೊಲಿಜುಮಾಬ್ ಮತ್ತು ಅಡಲಿಮುಮಾಬ್‌ಗಳನ್ನು ನೇರವಾಗಿ ಹೋಲಿಸಿದ 2019ರ ಪ್ರಯೋಗದಲ್ಲಿ ವರ್ಷದ ಕೊನೆಗೆ ರೋಗ ಶಮನವಾದವರು ಕ್ರಮವಾಗಿ ಸುಮಾರು ಶೇ. 31 ಮತ್ತು ಶೇ. 22. ಗೆದ್ದ ಔಷಧದಲ್ಲೂ ಮೂರರಲ್ಲಿ ಇಬ್ಬರು ಆ ಗುರಿ ಮುಟ್ಟಲಿಲ್ಲ. ಈ ಅಂಕಿಯನ್ನು ರೋಗಿಯ ಎದುರು ಇಡಬೇಕು. ‘ನೀವೇ ನೋಡಿ ಕೊಡಿ ಡಾಕ್ಟ್ರೇ’ ಅನ್ನುವವರಿಗೆ ಇದೆಲ್ಲ ಯಾಕೆ ಎಂದರೆ, ಹಾಗನ್ನುವವರೂ ಮೂರನೇ ತಿಂಗಳಲ್ಲಿ ಮಾತ್ರೆ ಬಿಡುವಾಗ ನಮ್ಮನ್ನು ಕೇಳುವುದಿಲ್ಲ. ರಕ್ತ ನಿಂತ ಮಾತ್ರಕ್ಕೆ ಕರುಳು ವಾಸಿಯಾಗಿರುವುದಿಲ್ಲ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಇಳಿಯಬೇಕು, ಕೊಲೊನೊಸ್ಕೊಪಿಯಲ್ಲಿ ಹುಣ್ಣು ಮಾಯ್ದಿರಬೇಕು ಎಂಬುದು ಮೊದಲೇ ಗೊತ್ತಿದ್ದವರು ಚಿಕಿತ್ಸೆಯಲ್ಲಿ ಉಳಿಯುತ್ತಾರೆ.

ಶಸ್ತ್ರಚಿಕಿತ್ಸೆಯನ್ನು ಬೆದರಿಕೆಯಾಗಿ ಬಳಸುವುದನ್ನು ನಿಲ್ಲಿಸೋಣ. ತೀವ್ರ ಕೊಲೈಟಿಸ್‌ನಿಂದ ಆಸ್ಪತ್ರೆ ಸೇರಿದವರಿಗೆ ಮೂರನೆಯ ದಿನವೇ ಲೆಕ್ಕ ಹಾಕಬೇಕು: ಆಗಲೂ ದಿನಕ್ಕೆ ಎಂಟಕ್ಕಿಂತ ಹೆಚ್ಚು ಸಲ ಭೇದಿಯಾಗುತ್ತಿದ್ದರೆ, ಅಥವಾ ಮೂರರಿಂದ ಎಂಟು ಸಲದ ಜೊತೆಗೆ ಸಿಆರ್‌ಪಿ 45 ದಾಟಿದ್ದರೆ, ಶಿರೆಯ ಮೂಲಕ ಕೊಟ್ಟ ಸ್ಟೀರಾಯ್ಡ್ ಸೋಲುವ ಸಂಭವವೇ ಹೆಚ್ಚು. ಇನ್‌ಫ್ಲಿಕ್ಸಿಮಾಬ್ ಅಥವಾ ಸೈಕ್ಲೊಸ್ಪೊರಿನ್ ಬೇಕೇ ಎಂದು ಯೋಚಿಸುವ ಹೊತ್ತಿಗೇ ಶಸ್ತ್ರವೈದ್ಯರು ಹಾಸಿಗೆಯ ಬಳಿ ಬಂದಿರಬೇಕು. ಇನ್ನೆರಡು ದಿನ ನೋಡೋಣ ಎನ್ನುತ್ತ ಹತ್ತನೆಯ ದಿನ ಕರುಳು ತೂತಾದ ಮೇಲೆ ಕರೆದರೆ ಅವರ ಕೈಯಲ್ಲೂ ಹೆಚ್ಚೇನೂ ಇರುವುದಿಲ್ಲ.

ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಔಷಧ ಎಷ್ಟು ಮಂದಿಗೆ ಫಲಿಸಿತು ಎನ್ನುವುದರ ಜೊತೆಗೆ ಎಷ್ಟು ಮಂದಿ ಸ್ಟೀರಾಯ್ಡ್ ಬಿಟ್ಟರು ಎಂಬುದನ್ನೂ ಹೇಳಿ. ಸಂಕಿರಣ ಮುಗಿಯುವುದರೊಳಗೆ ರೋಗಿಯ ಕೈಗೆ ಕೊಡಬಹುದಾದ ಒಂದು ಪುಟದ ಕನ್ನಡ ಹಾಳೆಯನ್ನು ಸಿದ್ಧಮಾಡೋಣ. ಸ್ಟೀರಾಯ್ಡ್ ಶುರುವಾದ ತಾರೀಕು, ನಿಲ್ಲಬೇಕಾದ ತಾರೀಕು, ನಿಲ್ಲದಿದ್ದರೆ ಮುಂದಿನ ಔಷಧ ಯಾವುದು ಎಂಬ ಮೂರು ಸಾಲುಗಳು ಅದರಲ್ಲಿರಲಿ.