ಮಕ್ಕಳ ಕಣ್ಣಿಗೆ ದಿನಾ ಎರಡು ತಾಸು ಬಯಲು ಬೇಕು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಕೇಳ್ತಿರೋ ತಂದೆ-ತಾಯಂದಿರಿಗೆ ಇವತ್ತಿನ ಮಾತು.

ಕುಷ್ಟಗಿಯಲ್ಲಿರೋ ನಮ್ಮಕ್ಕನ ಮಗ ಐದನೇ ಕ್ಲಾಸು. ಪಕ್ಕದವನ ನೋಟ್‌ಬುಕ್ ನೋಡಿ ಬರೀತಾನ ಅಂತ ಸಾಲ್ಯಾಗ ಬೈಸಿಕೊಂಡು ಬಂದ. ಮನ್ಯಾಗ ನಾವೂ ಬೈದ್ವಿ. ಕಣ್ಣು ತೋರಿಸಿದಾಗ ಗೊತ್ತಾಯ್ತು, ಎರಡೂ ಕಣ್ಣಿಗೆ ಮೈನಸ್ ನಂಬರ್. ಹುಡುಗ ಕಾಪಿ ಹೊಡೀತಿರಲಿಲ್ಲ, ಅವನಿಗೆ ಬೋರ್ಡೇ ಕಾಣ್ತಿರಲಿಲ್ಲ.

ಇದು ಸಮೀಪದೃಷ್ಟಿ. ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದು, ದೂರದ ವಸ್ತುವಿನ ಬಿಂಬ ರೆಟಿನಾದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ. ಅಪ್ಪ-ಅಮ್ಮನಿಗೆ ಇದ್ದರೆ ಮಕ್ಕಳಿಗೂ ಬರೋ ಸಾಧ್ಯತೆ ಹೆಚ್ಚು. ಆದ್ರೆ ಬೆಳಕಿನ ಪಾತ್ರವೂ ಇದೆ. ಹೊರಗಿನ ಬೆಳಕಿಗೆ ರೆಟಿನಾದಲ್ಲಿ ಡೋಪಮೈನ್ ಬಿಡುಗಡೆಯಾಗಿ, ಕಣ್ಣುಗುಡ್ಡೆ ಅತಿಯಾಗಿ ಉದ್ದ ಆಗೋದನ್ನ ನಿಧಾನ ಮಾಡುತ್ತದೆ ಅನ್ನೋದು ವಿಜ್ಞಾನಿಗಳ ವಿವರಣೆ.

ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಾ 40 ನಿಮಿಷದ ಹೊರಗಿನ ಪಿರಿಯಡ್ ಹೆಚ್ಚಿಗೆ ಕೊಟ್ಟು ಮೂರು ವರ್ಷ ನೋಡಿದ್ರು. ಫಲಿತಾಂಶ 2015ರಲ್ಲಿ ಪ್ರಕಟವಾಯ್ತು. ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದಿದ್ದು ಶೇ 30ರಷ್ಟು ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಶೇ 39ಕ್ಕಿಂತ ಹೆಚ್ಚು. ತೈವಾನ್ ಅಂತೂ 2010ರಿಂದಲೇ ದಿನಕ್ಕೆ 120 ನಿಮಿಷ ಮಕ್ಕಳು ಹೊರಗಿರಬೇಕು ಅಂತ ಶಾಲೆಗಳಿಗೆ ಗುರಿ ಇಟ್ಟಿತು.

ನಾನು ಬಿಕಾಂ ಓದಿದವ, ಲೆಕ್ಕ ಬಿಡಂಗಿಲ್ಲ. ಅಳಿಯನ ದಿನದ ಲೆಕ್ಕ ಹಾಕಿದೆ. ಬೆಳಿಗ್ಗೆ ನವೋದಯ ಕೋಚಿಂಗ್, ಆಮೇಲೆ ಸಾಲಿ, ಸಂಜೆ ಮತ್ತೆ ಕೋಚಿಂಗ್, ರಾತ್ರಿ ಮೊಬೈಲ್. ಬಯಲಿಗೆ ಉಳಿದಿದ್ದು 20 ನಿಮಿಷ, ಅದೂ ಹೋಗಿ ಬರೋ ದಾರಿ! ಕುಕನೂರಿನ ನವೋದಯದಾಗ ಸೀಟು ಸಿಗಲಿ ಅನ್ನೋ ಅಕ್ಕನ ಆಸೆ ತಪ್ಪಲ್ಲ. ಆದ್ರೆ ಆ ಸೀಟಿನ ಮ್ಯಾಲೆ ಕೂತು ಬೋರ್ಡ್ ನೋಡಾಕ ಕಣ್ಣೂ ಬೇಕಲ್ರಿ.

“ನಮ್ಮ ಕಡಿ ಬಿಸಿಲಾಗ ಹುಡುಗರನ್ನ ಹೊರಗ ಹೆಂಗ ಬಿಡ್ಲೋ ತಮ್ಮಾ?” ಅಂದಳು ಅಕ್ಕ. ನ್ಯಾಯವಾದ ಪ್ರಶ್ನೆ. ಉರಿಬಿಸಿಲಿಗೆ ನಿಲ್ಲಬೇಕಂತಿಲ್ಲ. ಬೇವಿನ ಮರದ ನೆರಳಲ್ಲೂ ನಮ್ಮ ಕೋಣೆಯೊಳಗಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕು ಇರುತ್ತದೆ. ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು ಸಾಕು. ಮೊಬೈಲ್ ಮಾತ್ರ ಮನ್ಯಾಗ ಇರಲಿ.

ಒಂದು ಮಾತು ನೆನಪಿಡ್ರಿ. ಬಂದ ನಂಬರ್ ಆಟದಿಂದ ಹೋಗಂಗಿಲ್ಲ, ಕನ್ನಡಕ ಹಾಕಲೇಬೇಕು. ಹಾಕಿದ್ರೆ ನಂಬರ್ ಏರ್ತೈತಿ ಅನ್ನೋದು ಸುಳ್ಳು. ಬಯಲಿನ ಲಾಭ ಹೆಚ್ಚು ಸಿಗೋದು ನಂಬರ್ ಬರೋಕೆ ಮುಂಚೆ. ಅಳಿಯನ ತಂಗಿ ಈಗ ಎರಡನೇ ಕ್ಲಾಸು, ಅವಳಿಗೆ ಇನ್ನೂ ಕನ್ನಡಕ ಬಂದಿಲ್ಲ. ಈ ವಾರದಿಂದ ಅಣ್ಣ-ತಂಗಿ ಇಬ್ಬರೂ ಸಂಜೆ ಕುಂಟೆಬಿಲ್ಲೆ ಆಡ್ತಿದಾರೆ. ಅಕ್ಕ ಸಂಜೆ ಕೋಚಿಂಗ್ ಅರ್ಧ ಮಾಡಿಸಿದ್ದಾಳೆ.

ನಿಮ್ಮ ಮಕ್ಕಳದೂ ಇವತ್ತೇ ಲೆಕ್ಕ ಹಾಕ್ರಿ.